ಸತ್ಯಾಂಶ: ಗಿಡ ಗುರುತಿಸೋ ಆ್ಯಪ್ ಸೊಪ್ಪಿನ ಹೆಸರು ಹೇಳಿದ್ರೆ ತಿನ್ಬೋದಾ?

"ಕಾಡಲ್ಲಿ ಯಾವ ಗಿಡ ಆದ್ರೂ ಫೋಟೋ ಹೊಡೀರಿ, ಆ್ಯಪ್ ಹೆಸರು ಹೇಳಿದ್ರೆ ಧೈರ್ಯವಾಗಿ ತಿನ್ನಿ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ತಪ್ಪು.

ಆ್ಯಪ್ ನಿಮ್ಮ ಫೋಟೋನ ತನ್ನ ಹತ್ರ ಇರೋ ಫೋಟೋಗಳ ಜೊತೆ ಹೋಲಿಸಿ ಯಾವುದು ಹತ್ತಿರ ಅಂತ ಅಂದಾಜು ಹೇಳುತ್ತೆ, ಅಷ್ಟೇ. ಹೂವಿಲ್ದೆ ಬರೀ ಎಲೆ ತೋರಿಸಿದ್ರೆ ಅಂದಾಜು ಇನ್ನೂ ಸಡಿಲ. ನಮ್ಮ ಕೊಡಗಿನ ಮದ್ದು ಸೊಪ್ಪು, ಅಂದ್ರೆ ಜಸ್ಟಿಸಿಯಾ ವೈನಾಡೆನ್ಸಿಸ್, ಅದನ್ನೇ ತಗೊಳ್ಳಿ, ಆಗಸ್ಟ್ 3ರ ಹೊತ್ತಿಗೆ, ಕಕ್ಕಡ ತಿಂಗಳ 18ನೇ ದಿನ ಅಂದ್ರೆ ಕಕ್ಕಡ ಪದಿನೆಟ್ಟ್‌ಗೆ ನಾವು ಕೀಳೋದು ಎಲೆ ಕಾಂಡ, ಬೇಯಿಸಿದ್ರೆ ನೀರು ಕಡು ನೇರಳೆ ಆಗುತ್ತಲ್ಲ, ಆ ಗುರುತು ಕ್ಯಾಮೆರಾಗೆ ಎಲ್ಲಿ ಸಿಗ್ಬೇಕು.

ಇನ್ನೊಂದು, ಹೆಸರು ಸರಿ ಇದ್ರೂ ತಿನ್ನೋಕೆ ಆಗುತ್ತೆ ಅಂತಲ್ಲ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ಸಿಗಿಸೋ ತೋಕ್ ಪೂ, ಅಂದ್ರೆ ಅಗ್ನಿಶಿಖೆ ಹೂ ಇದ್ಯಲ್ಲ, ಎಷ್ಟು ಚೆಂದ, ಆ್ಯಪ್ ಸುಲಭವಾಗಿ ಗುರುತು ಹಿಡಿಯುತ್ತೆ, ಆದ್ರೆ ಅದ್ರ ಗೆಡ್ಡೆ ತುಂಬಾ ಕಾಲ್ಚಿಸಿನ್ ಅನ್ನೋ ವಿಷ, ಬೇಯಿಸಿದ್ರೂ ಹೋಗಲ್ಲ, ಗೆಣಸು ಅಂದ್ಕೊಂಡು ತಿಂದು ಜನ ಸತ್ತಿದ್ದಾರೆ. ಹೂ ಇಲ್ದಾಗ ಎಲೆ ತುದಿ ನೋಡಿ, ಬಳ್ಳಿ ಹಿಡಿಯೋ ಕುಡಿ ಥರ ಸುರುಳಿ ಸುತ್ತಿರುತ್ತೆ.

ಆನ್‌ಲೈನ್ ಗೈಡ್ ಖಂಡಿತ ಬಳಸಿ, ಗಿಡ, ಪ್ರಾಣಿಗಳ ಫೋಟೋ ಹಾಕಿ ಹೆಸರು ಕೇಳೋ ಐನ್ಯಾಚುರಲಿಸ್ಟ್ ತಾಣದಲ್ಲಿ ಬೇರೆಯವ್ರು ನೋಡಿ ತಿದ್ದುತಾರೆ. ಎಲೆ, ಕಾಂಡ, ಹೂ ಎಲ್ಲದ್ರ ಫೋಟೋ ಹಾಕಿ. ಅಡುಗೆಗೆ ಮಾತ್ರ ವರ್ಷಾ ವರ್ಷಾ ಕೀಳೋ ಊರಿನ ಹಿರಿಯರಿಗೆ ತೋರಿಸ್ದೆ ತಿನ್ಬೇಡಿ. ತಿಂದು ವಾಂತಿ ಶುರುವಾದ್ರೆ ಆ ಗಿಡದ ತುಂಡು ಹಿಡ್ಕೊಂಡೇ ಆಸ್ಪತ್ರೆಗೆ ಹೋಗಿ.