ಪಾಸಾಗೋ ಮಕ್ಕಳಿಗೇನು ಕೊಡ್ತೀವಿ?

ಹಾಸನದ ಹತ್ತಿರ ನಾವು ಓದಿದ ಸರ್ಕಾರಿ ಹೈಸ್ಕೂಲಲ್ಲಿ ಜೂನ್‌ನಿಂದ ಒಂಬತ್ತನೇ ಕ್ಲಾಸಿನವರಿಗೆ ಪಠ್ಯದಾಚೆಗಿನ ಗಣಿತ ಶುರುವಾಗಿದೆ. ಹಳೇ ವಿದ್ಯಾರ್ಥಿಗಳು ನಾಲ್ಕು ಜನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋದಾಗ ಬಂದ ಮೊದಲ ಪ್ರಶ್ನೆ, "ಇದ್ರಿಂದ ರಿಸಲ್ಟ್ ಏರುತ್ತಾ?"

ಏರಲ್ಲ. ಈ ಮಕ್ಕಳು ಹೇಗೂ ಪಾಸಾಗೋರೇ.

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಸ್ಟೇಟಸ್ ಹಾಕ್ಕೊಂಡಿದ್ದೆ. ತಪ್ಪೇನಿಲ್ಲ. ಆದ್ರೆ ಅದು ಪಾಸಾದವರ ಲೆಕ್ಕ. ಫೇಲಾಗೋ ಮಗೂಗೆ ಪಾಸಿಂಗ್ ಪ್ಯಾಕೇಜ್ ಇದೆ, ಇರಲೇಬೇಕು. ಲೆಕ್ಕ ಬೇಗ ಮುಗಿಸಿ ಕಿಟಕಿ ಕಡೆ ನೋಡೋ ಹುಡುಗಿಗೆ? "ಅವಳಿಗೇನು ಬಿಡಿ, ಪಾಸಾಗ್ತಾಳೆ." ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸ್ತಾರೆ, ಆಯ್ಕೆಯಾದ್ರೆ ವರ್ಷಕ್ಕೆ 12,000 ರೂಪಾಯಿ. ಅಲ್ಲಿಂದಾಚೆ ಅವಳನ್ನ ಕೇಳೋರಿಲ್ಲ. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಲ್ಲಿ ಕೂತು 36,000 ಕಿಲೋಮೀಟರ್ ಮೇಲಿನ ಉಪಗ್ರಹ ನಿಯಂತ್ರಿಸೋ ಊರು ನಮ್ಮದು!

ಎಂಬತ್ತರ ಮೇಲೆ ತೆಗೆದವರಿಗೆ ಮಾತ್ರ ಅಂತ ಒಬ್ಬರು ಹಠ ಹಿಡಿದ್ರು. ನಾನು ಜಗಳವಾಡಿದೆ. ಬರೋರು ಬರಲಿ, ಬಿಡೋರು ಬಿಡಲಿ. 23 ಜನ ಬಂದ್ರು, ಈಗ 14 ಇದ್ದಾರೆ. ಗಣಿತಕ್ಕೆ ಹೆದರಿ ಬಿಟ್ಟವರು ಇಬ್ಬರೋ ಮೂವರೋ. ಉಳಿದವರನ್ನ ಬಿಡಿಸಿದ್ದು ಬಸ್ಸು. ಸಂಜೆ ಕ್ಲಾಸು ಮುಗಿಯೋದ್ರೊಳಗೆ ಅವರೂರಿನ ಕೊನೇ ಬಸ್ಸು ಹೋಗಿರುತ್ತೆ. ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ, ಸರಿ, ಹತ್ತೋಕೆ ಬಸ್ಸೇ ಇಲ್ವಲ್ಲ. ನಾವು ಪ್ರವೇಶ ಪರೀಕ್ಷೆ ಬೇಡ ಅಂದ್ರೂ ಬಸ್ಸು ಒಂದು ಪರೀಕ್ಷೆ ಇಟ್ಟೇಬಿಡ್ತು. ಅದಕ್ಕೇ ಈಗ ಶನಿವಾರ, ಅರ್ಧ ದಿನದ ಸ್ಕೂಲು ಬಿಟ್ಟ ಮೇಲೆ. ಬಿಸಿಯೂಟ ಉಂಡು ಕೂರ್ತಾರೆ. ಬಿಟ್ಟವರಲ್ಲಿ ಇಬ್ಬರು ವಾಪಸ್ ಬರ್ತೀವಿ ಅಂದಿದ್ದಾರೆ.

ಮೊದಲ ವಾರ ಮೇಷ್ಟ್ರು ಬೋರ್ಡ್ ಮೇಲೆ ಬರೆದಿದ್ದು ಇಷ್ಟೇ: ನೂರು ಸಲ ಏಳನ್ನ ಬರೆದು ಎಲ್ಲಾನೂ ಒಂದಕ್ಕೊಂದು ಗುಣಿಸಿದ್ರೆ ಬರೋ ಉತ್ತರದ ಕೊನೇ ಅಂಕಿ ಏನು? ಗದ್ದಲ. ಹಿಂದಿನ ಬೆಂಚಿನ, ಗಣಿತದಲ್ಲಿ 52 ತೆಗೆದಿದ್ದ ಹುಡುಗ 7, 9, 3, 1, ಮತ್ತೆ 7 ಅಂತ ಬರ್ಕೊಂಡು, "ನಾಕಕ್ಕೊಂದ್ಸಲ ಸುತ್ತುತ್ತೆ ಸಾ, ಒಂದು ಬರುತ್ತೆ" ಅಂದ. ಎಂಬತ್ತರ ಗೆರೆ ಎಳೆದಿದ್ರೆ ಅವನು ಆ ಕೋಣೇಲೇ ಇರ್ತಿರಲಿಲ್ಲ.

ಗಣಿತ ಒಲಿಂಪಿಯಾಡ್‌ನ ಮೊದಲ ಹಂತದಲ್ಲಿ ಮೂರು ಗಂಟೆಗೆ 30 ಪ್ರಶ್ನೆ. ಟಿಕ್ ಹಾಕೋಕೆ ಆಯ್ಕೆಗಳಿಲ್ಲ. ಬರೆಯೋರು ಬರೀಲಿ, ನನಗೆ ಅವಸರ ಇಲ್ಲ.

ಮುಂದಿನ ಶನಿವಾರದಿಂದ ರೇಖಾಗಣಿತ. ಆರು ಕಂಪಾಸ್ ಬಾಕ್ಸ್ ಕಮ್ಮಿ ಇವೆ. ಮನೇಲಿ ಹಳೇದಿದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಕೈವಾರದ ಸ್ಕ್ರೂ ಮಾತ್ರ ಗಟ್ಟಿ ಇರಲಿ.