ಮೂರು ವರ್ಷಕ್ಕೆ ಮೂರು ಬಡ್ತಿ ಅಂದ್ರೆ ನನಗ್ಯಾಕೋ ಭಯ

ಹೊಸ ಫುಟ್‌ಬಾಲ್ ಕ್ಲಬ್ಬೊಂದು ಸರಸರನೆ ಮೇಲೇರುತ್ತಿದೆ ಅಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನು ಮೊದಲು ಕೇಳುವುದು ಒಂದೇ ಮಾತು: ದುಡ್ಡು ಯಾರದ್ದು? ಗೆಳೆಯರು ಬೈಯುತ್ತಾರೆ, ‘ನೀನು ಆಟ ನೋಡಲ್ಲ, ಖರ್ಚಿನ ಲೆಕ್ಕ ನೋಡ್ತೀಯ’ ಅಂತ. ಬೈಯಲಿ ಬಿಡಿ. ಗ್ರೆಟ್ನಾ ಕಥೆ ಗೊತ್ತಿದ್ದವರು ಈ ಪ್ರಶ್ನೆ ಕೇಳದೆ ಇರಲಾರರು.

ಗ್ರೆಟ್ನಾ ಅನ್ನುವುದು ಸ್ಕಾಟ್ಲೆಂಡಿನ ಗಡಿಯಲ್ಲಿರುವ ಪುಟ್ಟ ಊರು. ಜನ ಸುಮಾರು 3,000. ಆ ಊರಿನ ಕ್ಲಬ್ಬಿಗೆ 2002ರಲ್ಲಿ ಸ್ಕಾಟಿಷ್ ಲೀಗಿನ ಕೊನೆಯ ಮೆಟ್ಟಿಲಲ್ಲಿ ಜಾಗ ಸಿಕ್ಕಿತು. ಬ್ರೂಕ್ಸ್ ಮೈಲ್ಸನ್ ಎಂಬ ಶ್ರೀಮಂತರು ಬೆನ್ನಿಗೆ ನಿಂತರು. 2005ರಲ್ಲಿ ಬಡ್ತಿ (ಅಂದ್ರೆ ಒಂದು ಮೆಟ್ಟಿಲು ಮೇಲಿನ ಲೀಗಿಗೆ ಏರಿಕೆ), 2006ರಲ್ಲಿ ಬಡ್ತಿ, 2007ರಲ್ಲಿ ಮತ್ತೆ ಬಡ್ತಿ. ನಡುವೆ 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ಲಿಗೂ ಬಂದು ಹಾರ್ಟ್ಸ್ ತಂಡದ ಜೊತೆ 1-1 ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತರು. ಕನಸು ಅಂದ್ರೆ ಇದೇ, ಅಲ್ವಾ?

ಆದರೆ ಸ್ಕಾಟಿಷ್ ಪ್ರೀಮಿಯರ್ ಲೀಗಿಗೆ ಬಂದಾಗ ಅವರ ಮೈದಾನ ಅಲ್ಲಿನ ನಿಯಮಕ್ಕೆ ಸಾಲಲಿಲ್ಲ. ‘ತವರು’ ಪಂದ್ಯಗಳನ್ನು ದೂರದ ಮದರ್‌ವೆಲ್ ಊರಿನ ಮೈದಾನದಲ್ಲಿ ಆಡಬೇಕಾಯಿತು. 2008ರ ಏಪ್ರಿಲಿನಲ್ಲಿ ಒಂದು ಪಂದ್ಯಕ್ಕೆ ಬಂದವರು 431 ಜನ. ದೇಶದ ಅತ್ಯುನ್ನತ ಲೀಗಿನ ಪಂದ್ಯಕ್ಕೆ! ಅಷ್ಟರಲ್ಲಿ ಮೈಲ್ಸನ್ ಕಾಯಿಲೆ ಬಿದ್ದಿದ್ದರು, ದುಡ್ಡು ನಿಂತಿತ್ತು. ಆ ವರ್ಷ ಅಲ್ಲಿನ ಬೇಸಿಗೆ ಮುಗಿಯುವುದರೊಳಗೆ ಕ್ಲಬ್ಬೇ ಇಲ್ಲ. ಮೈಲ್ಸನ್ ಅವರನ್ನು ನಾನು ದೂರುವುದಿಲ್ಲ. ಅವರು ಮೋಸ ಮಾಡಲಿಲ್ಲ, ಪ್ರೀತಿಯಿಂದಲೇ ಸುರಿದರು. ಆದರೆ ಒಂದೇ ಕಂಬದ ಮೇಲೆ ಮಹಡಿ ಮೇಲೆ ಮಹಡಿ ಕಟ್ಟಿದ್ದಾಗಿತ್ತು.

ಈಗ ಇನ್ನೊಂದು ಕ್ಲಬ್. ಗ್ರೆಟ್ನಾಗೆ ಲೀಗಿನಲ್ಲಿ ಜಾಗ ಸಿಕ್ಕ 2002ರಲ್ಲೇ ಇದು ಹುಟ್ಟಿದ್ದು.

ಲಂಡನ್ನಿನ ವಿಂಬಲ್ಡನ್ ಎಫ್‌ಸಿ ಹಳೆಯ ಕ್ಲಬ್. 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. ಅದರ ಮಾಲೀಕರು ಕ್ಲಬ್ಬನ್ನೇ ಎತ್ತಿಕೊಂಡು ಬೇರೆ ಊರಾದ ಮಿಲ್ಟನ್ ಕೀನ್ಸ್‌ಗೆ ಹೋಗುತ್ತೇವೆ ಅಂದರು. 2002ರ ಮೇ ತಿಂಗಳಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಅಭಿಮಾನಿಗಳು ಹೊಸದಾಗಿ ಕ್ಲಬ್ ಕಟ್ಟಿಕೊಂಡರೆ ಅದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಳ್ಳೆಯದಲ್ಲ ಅಂತ ಒಪ್ಪಿಗೆ ಕೊಟ್ಟ ಆಯೋಗ ಬರೆದೂ ಬಿಟ್ಟಿತು. ಆ ಸಾಲು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಯಾಕಂದ್ರೆ ಜನ ಅದನ್ನೇ ಮಾಡಿದರು.

ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಹುಟ್ಟಿತು. ಆಟಗಾರರು? ಯಾರೂ ಇಲ್ಲ. ಜೂನ್ ತಿಂಗಳಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿಗೆ ಬನ್ನಿ, ಆಡಿ ತೋರಿಸಿ ಅಂತ ಕರೆದರು. 200ಕ್ಕೂ ಹೆಚ್ಚು ಜನ ಬಂದರು. ಜನ ನಾಯಿ ಕರೆದುಕೊಂಡು ವಾಕಿಂಗ್ ಮಾಡುವ ಬಯಲದು. ಅಲ್ಲಿಂದ ಒಂದು ತಂಡ ಆರಿಸಿದರು. ಜುಲೈನಲ್ಲಿ ಸಟನ್ ಯುನೈಟೆಡ್ ವಿರುದ್ಧ ಮೊದಲ ಸೌಹಾರ್ದ ಪಂದ್ಯ. 4-0ಯಿಂದ ಸೋತರು. ನೋಡಲು ಬಂದಿದ್ದವರು 4,657 ಜನ. ಆ ಸಂಜೆ ಸ್ಕೋರನ್ನು ಯಾರಾದರೂ ಲೆಕ್ಕಕ್ಕೆ ಇಟ್ಟುಕೊಂಡಿದ್ದರಾ ಅಂತ ನನಗೆ ಅನುಮಾನ.

ಅವರು ಶುರು ಮಾಡಿದ್ದು ತುಂಬಾ ಕೆಳಗಿನ ಮೆಟ್ಟಿಲಾದ ಕಂಬೈನ್ಡ್ ಕೌಂಟೀಸ್ ಲೀಗಿನಲ್ಲಿ. ಆ ಮಟ್ಟದ ಆಟ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಹಗಲು ಆಟಗಾರನಿಗೆ ಬೇರೆ ಕೆಲಸ. ವಾರಕ್ಕೆರಡು ಸಂಜೆ ತರಬೇತಿ, ಶನಿವಾರ ಪಂದ್ಯ. ಕೈಗೆ ಸಿಗುವ ದುಡ್ಡಿನಿಂದ ಮನೆ ನಡೆಯುವುದಿಲ್ಲ. ಕಾಲಿಗೆ ಪೆಟ್ಟಾದರೆ ಸೋಮವಾರ ಕೆಲಸಕ್ಕೆ ಹೇಗೆ ಹೋಗುವುದು ಎಂಬ ಚಿಂತೆ ಆಟದ ನಡುವೆಯೂ ಇರುತ್ತದೆ. ಒಂದು ಬಡ್ತಿ ಸಿಕ್ಕಿತು ಅನ್ನಿ, ಪ್ರಯಾಣ ದೂರವಾಗುತ್ತದೆ. ವಾರದ ನಡುವೆ ಪಂದ್ಯವಿದ್ದರೆ ಅರ್ಧ ದಿನ ರಜೆ ಕೇಳಬೇಕು. ಮೈದಾನಕ್ಕೆ ಇಷ್ಟು ಸೀಟು ಬೇಕು, ಇಂಥ ದೀಪ ಬೇಕು ಅಂತ ಮೇಲಿನ ಲೀಗಿನ ಪಟ್ಟಿ ಬರುತ್ತದೆ. ಗೆದ್ದ ಮರುದಿನವೇ ಖರ್ಚು ಶುರು. ಗ್ರೆಟ್ನಾ ಎಡವಿದ್ದೂ ಇಲ್ಲೇ, ಕಾಲಿಗಿಂತ ಮುಂದೆ ಮೆಟ್ಟಿಲು ಓಡುತ್ತಿತ್ತು.

ವಿಂಬಲ್ಡನ್ನಿನವರಿಗೆ ಮೊದಲ ವರ್ಷ ಬಡ್ತಿಯೇ ಸಿಗಲಿಲ್ಲ, ಮೂರನೇ ಸ್ಥಾನ. ಆದರೂ ತವರು ಪಂದ್ಯಕ್ಕೆ ಸರಾಸರಿ 3,000 ಜನ ಬಂದರು. ಎಷ್ಟೋ ಮೆಟ್ಟಿಲು ಮೇಲೆ ಆಡುತ್ತಿದ್ದ ಹಳೆಯ ಕ್ಲಬ್ಬಿಗೂ ಆ ವರ್ಷ ಅಷ್ಟು ಜನ ಬರಲಿಲ್ಲ. ಮರು ವರ್ಷ 46 ಪಂದ್ಯಗಳಲ್ಲಿ 42 ಗೆಲುವು, 4 ಡ್ರಾ. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗಿನಲ್ಲಿ 78 ಪಂದ್ಯ ಸೋಲೇ ಇಲ್ಲ. ಎದುರಾಳಿಗಳು ತೀರಾ ದುರ್ಬಲ ಇದ್ದರು ಅನ್ನುವವರಿದ್ದಾರೆ. ಇದ್ದಿರಬಹುದು. ಎರಡು ವರ್ಷ ಒಂದು ದಿನವೂ ಮೈಮರೆಯದೆ ಆಡುವುದು ಸುಲಭ ಅಂತ ನನಗೇನೂ ಅನಿಸುವುದಿಲ್ಲ.

ಆಮೇಲೆ ಎಡವಿದರು. 2006-07ರಲ್ಲಿ ವೇಲ್ಸ್‌ನ ಕ್ಲಬ್ಬಿನಿಂದ ಬಂದ ಒಬ್ಬ ಆಟಗಾರನ ಅಂತರರಾಷ್ಟ್ರೀಯ ವರ್ಗಾವಣೆ ಪತ್ರವನ್ನೇ ತರಿಸಿರಲಿಲ್ಲ. ಗಡಿ ಅಂದ್ರೆ ಹೆಸರಿಗಷ್ಟೇ ಗಡಿ, ಆದರೂ ನಿಯಮ ನಿಯಮವೇ. 18 ಅಂಕ ಕಿತ್ತುಕೊಂಡರು! ಗಲಾಟೆ ಎದ್ದ ಮೇಲೆ ಮೇಲ್ಮನವಿಯಲ್ಲಿ ಅದು 3 ಅಂಕಕ್ಕೆ ಇಳಿಯಿತು, ಜೊತೆಗೆ 400 ಪೌಂಡ್ ದಂಡ. ಕ್ಲಬ್ ಬೆಳೆಯುವಾಗ ಮೊದಲು ಹಿಂದೆ ಬೀಳುವುದು ಕಾಲಲ್ಲ, ಕಡತ. ಸ್ಟ್ರೈಕರ್ ಹುಡುಕುವಷ್ಟೇ ಮುತುವರ್ಜಿಯಿಂದ ಒಬ್ಬ ಒಳ್ಳೆ ಕಾರ್ಯದರ್ಶಿಯನ್ನೂ ಹುಡುಕಿ ಅಂತ ಸಣ್ಣ ಕ್ಲಬ್ ನಡೆಸುವ ಎಲ್ಲರಿಗೂ ಹೇಳಬೇಕು ಅನಿಸುತ್ತದೆ.

2011ರ ಮೇ 21ರಂದು ಬಡ್ತಿಗಾಗಿ ನಡೆದ ಫೈನಲ್‌ನ ಪೆನಾಲ್ಟಿಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಲೂಟನ್ ಟೌನ್ ಎದುರು. ಗೆದ್ದವರಿಗೆ ಇಂಗ್ಲೆಂಡಿನ ವೃತ್ತಿಪರ ಮಟ್ಟವಾದ ಫುಟ್‌ಬಾಲ್ ಲೀಗಿನಲ್ಲಿ ಜಾಗ. 120 ನಿಮಿಷ ಆಡಿದರೂ ಗೋಲಿಲ್ಲ. ವಿಂಬಲ್ಡನ್ ಗೋಲ್‌ಕೀಪರ್ ಸೆಬ್ ಬ್ರೌನ್ ಚಿಕ್ಕಂದಿನಿಂದ ಇದೇ ಬಳಗದ ಅಭಿಮಾನಿ. ಒಂದನ್ನು ತಡೆದ. ಮತ್ತೊಬ್ಬ ಜಾಣತನ ತೋರಿಸಲು ಹೋಗಿ ಚೆಂಡನ್ನು ಮೆಲ್ಲಗೆ ಎತ್ತಿ ಹಾಕಿದ, ಅದನ್ನೂ ಬಿಡಲಿಲ್ಲ. ಕೊನೆಗೆ ನಾಯಕ ಡ್ಯಾನಿ ಕೆಡ್ವೆಲ್ ಬಂದ. ಮೆಲ್ಲಗೆ ಗಿಲ್ಲಗೆ ಏನಿಲ್ಲ, ಗುದ್ದಿಬಿಟ್ಟ. 4-3. ಬಯಲಲ್ಲಿ ಆಟಗಾರರನ್ನು ಹುಡುಕಿದ ಕ್ಲಬ್ಬಿಗೆ 9 ವರ್ಷಗಳಲ್ಲಿ 5ನೇ ಬಡ್ತಿ.

ಒಂಬತ್ತು ವರ್ಷಕ್ಕೆ ಐದು ಅಂದರೆ ಅದೇನು ನಿಧಾನವೇ ಅಂತ ನೀವು ಕೇಳಬಹುದು. ವೇಗವೇ. ಆದರೆ ಆ ವೇಗದ ಕೆಳಗೆ ಸಾವಿರಾರು ಜನರ ಟಿಕೆಟ್ ದುಡ್ಡು, ಸದಸ್ಯತ್ವದ ದುಡ್ಡು ಇತ್ತು. ಕ್ಲಬ್ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿತ್ತು. ಒಬ್ಬರು ಕಾಯಿಲೆ ಬಿದ್ದರೆ ಕ್ಲಬ್ ಬೀಳುವ ಸ್ಥಿತಿ ಇರಲಿಲ್ಲ. ನಾನು ಹೇಳುತ್ತಿರುವ ವ್ಯತ್ಯಾಸ ಇಷ್ಟೇ.

ಹಾಗಂತ ಇವರನ್ನು ದೇವರ ಪಟ್ಟಕ್ಕೆ ಏರಿಸುವುದೂ ಬೇಡ. ಇವರು ಆಡುತ್ತಿದ್ದ ಕಿಂಗ್ಸ್‌ಮೆಡೊ ಮೈದಾನ ಮೊದಲು ಕಿಂಗ್‌ಸ್ಟೋನಿಯನ್ ಎಂಬ ಹಳೆಯ ಕ್ಲಬ್ಬಿನ ಮನೆ. ಅದನ್ನು ಇವರು ಕೊಂಡರು, ಅವರು ಬಾಡಿಗೆಗೆ ಉಳಿದರು. ಮುಂದೆ ತಮ್ಮದೇ ಮೈದಾನ ಕಟ್ಟಿಕೊಳ್ಳಲು ಇವರು ಅದನ್ನು ಚೆಲ್ಸಿಗೆ ಮಾರಿದಾಗ, 2017ರಲ್ಲಿ ಕಿಂಗ್‌ಸ್ಟೋನಿಯನ್ ಗಂಟುಮೂಟೆ ಕಟ್ಟಬೇಕಾಯಿತು. ಮನೆ ಕಳೆದುಕೊಂಡವರ ಕ್ಲಬ್ಬಿನಿಂದಲೇ ಇನ್ನೊಂದು ಕ್ಲಬ್ ಮನೆ ಕಳೆದುಕೊಂಡಿತು. ವಿಂಬಲ್ಡನ್ ಅಭಿಮಾನಿಗಳಲ್ಲೇ ಹಲವರಿಗೆ ಇದು ನುಂಗಲಾರದ ತುತ್ತು. ನನಗೂ ಇದಕ್ಕೆ ಸಮಾಧಾನದ ಉತ್ತರ ಹೊಳೆದಿಲ್ಲ.

ಹೊಸ ಮೈದಾನ ಕಟ್ಟುವಾಗ ನಡುವೆ ದುಡ್ಡು ಸಾಲದೆ ಬಂತು. ಹೊರಗಿನ ಸಿರಿವಂತರಿಗೆ ಪಾಲು ಮಾರುವ ದಾರಿ ಇತ್ತು. ಅದರ ಬದಲು ಅಭಿಮಾನಿಗಳೇ ಬಾಂಡ್ (ಸಾಲಪತ್ರ) ಹೊರಡಿಸಿ, ತಾವೇ ಕೊಂಡು, 50 ಲಕ್ಷ ಪೌಂಡಿಗೂ ಜಾಸ್ತಿ ಕೂಡಿಸಿದರು. ಹಿಂದೆ ಹಳೆಯ ಕ್ಲಬ್ ಕಪ್ ಗೆದ್ದ ಕಾಲದ ಪ್ಲೌ ಲೇನ್ ಮೈದಾನ ಇದ್ದ ಜಾಗದಿಂದ ಕೂಗಳತೆ ದೂರದಲ್ಲೇ, ಅದೇ ಹೆಸರಿನಲ್ಲಿ ಹೊಸದು ಎದ್ದಿತು. 1991ರಲ್ಲಿ ಬಿಟ್ಟುಬಂದ ಜಾಗಕ್ಕೆ ವಾಪಸ್ಸು.

2020ರ ನವೆಂಬರ್ 3ರಂದು ಅಲ್ಲಿ ಮೊದಲ ಪಂದ್ಯ. ಡಾಂಕಾಸ್ಟರ್ ಎದುರು, 2-2 ಡ್ರಾ. ಕೊರೊನಾ ಕಾಲ. ಬಾಂಡ್ ಕೊಂಡು ಆ ಮೈದಾನ ಎಬ್ಬಿಸಿದವರೆಲ್ಲ ಮನೆಯಲ್ಲಿ ಪರದೆ ಮುಂದೆ ಕೂತಿದ್ದರು. ಒಳಗೆ ಸೀಟುಗಳೆಲ್ಲ ಖಾಲಿ.