ಅಂಗಡಿಯಲ್ಲಿ ಜಾರಿ ಬಿದ್ದರೆ ಕೋರ್ಟಿಗೆ ಹೋಗಬೇಕೇ?

ಪರ: ಹೋಗಬೇಕು

ಅಂಗಡಿಯಲ್ಲೋ ಹೋಟೆಲಿನಲ್ಲೋ ಜಾರಿ ಬಿದ್ದವರು ಮೊದಲು ಮಾಡುವುದು, ಎದ್ದು ಬಟ್ಟೆ ಕೊಡವಿಕೊಂಡು ಯಾರಾದರೂ ನೋಡಿದರಾ ಅಂತ ಸುತ್ತ ಕಣ್ಣಾಡಿಸುವುದು. ಪೆಟ್ಟು ತಿಂದವರಿಗೇ ನಾಚಿಕೆ, ನೆಲ ಒರೆಸದವರಿಗೆ ಇಲ್ಲ. ಇದು ಸರಿಯಲ್ಲ.

ಗಿರಾಕಿಗಳನ್ನು ಒಳಗೆ ಕರೆದು ವ್ಯಾಪಾರ ಮಾಡುವವರು ತಮ್ಮ ಜಾಗವನ್ನು ತಕ್ಕಮಟ್ಟಿಗೆ ಸುರಕ್ಷಿತವಾಗಿ ಇಡಬೇಕು ಅನ್ನುವುದನ್ನು ಎಷ್ಟೋ ದೇಶಗಳ ಕಾನೂನು ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ 1957ರಿಂದ ಇದಕ್ಕೇ ಒಂದು ಕಾಯ್ದೆ ಇದೆ. ಅಲ್ಲಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ನೆಲಕ್ಕೆ ಚೆಲ್ಲಿದ್ದ ಯೋಗರ್ಟ್ ಮೇಲೆ ಕಾಲಿಟ್ಟು ಗಿರಾಕಿಯೊಬ್ಬರು ಬಿದ್ದರು. ಅದು ಎಷ್ಟು ಹೊತ್ತಿನಿಂದ ಬಿದ್ದಿತ್ತು ಅಂತ ಅವರಿಗೆ ತೋರಿಸಲು ಆಗಲಿಲ್ಲ. ಆದರೂ 1976ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು: ನೆಲ ನಿಮ್ಮದು, ಎಚ್ಚರ ವಹಿಸಿದ್ದೆವು ಅಂತ ನೀವೇ ತೋರಿಸಿ. ನ್ಯಾಯವಾದ ಮಾತು ಅಲ್ವಾ? ನೆಲವನ್ನು ಯಾವಾಗ ಒರೆಸಿದರು ಅನ್ನುವುದು ಬಿದ್ದವರಿಗೆ ಹೇಗೆ ಗೊತ್ತಿರಬೇಕು?

ಸೊಂಟದ ಮೂಳೆ ಮುರಿದರೆ ಖರ್ಚು ಆಸ್ಪತ್ರೆ ಬಿಲ್ಲಿಗೆ ಮುಗಿಯುವುದಿಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ, ಫಿಸಿಯೋಥೆರಪಿ, ನೋವು, ಎಲ್ಲವನ್ನೂ ಪರಿಹಾರದಲ್ಲಿ ಕೇಳಬಹುದು. ಇಷ್ಟಕ್ಕೂ ಕೋರ್ಟ್ ಅಂದ ಕೂಡಲೇ ವರ್ಷಗಟ್ಟಲೆ ಅಲೆಯಬೇಕು ಅಂತಲೂ ಇಲ್ಲ. ವಕೀಲರಿಂದ ಒಂದು ನೋಟಿಸ್ ಹೋದರೆ ಅಂಗಡಿಯ ವಿಮೆ ಕಂಪನಿಯವರೇ ಮಾತಿಗೆ ಬರುವುದುಂಟು, ಹೆಚ್ಚಿನವು ವಿಚಾರಣೆಗೆ ಮುಂಚೆಯೇ ರಾಜಿಯಾಗುತ್ತವೆ.

ಆದರೆ ಬಿದ್ದ ದಿನವೇ ಎಚ್ಚರವಾಗಿರಬೇಕು. ನೆಲದ ಫೋಟೋ ತೆಗೆಯಿರಿ, ಹಾಕಿದ್ದ ಚಪ್ಪಲಿಯನ್ನು ಹಾಗೇ ಎತ್ತಿಡಿ, ಮ್ಯಾನೇಜರ್ ಹತ್ತಿರ ಬರೆಸಿ ಪ್ರತಿ ಕೇಳಿ. ಸಿಸಿಟಿವಿ ದೃಶ್ಯ ಅಳಿಸಬೇಡಿ ಅಂತ ಲಿಖಿತವಾಗಿ ಕೊಡಿ, ಯಾಕಂದರೆ ಹಳೆಯದರ ಮೇಲೆ ಹೊಸದು ತಾನಾಗಿಯೇ ರೆಕಾರ್ಡ್ ಆಗುತ್ತಾ ಹೋಗುತ್ತದೆ.

ವಿರೋಧ: ಆದಷ್ಟು ಬೇಡ

ಬಿದ್ದ ಮಾತ್ರಕ್ಕೆ ಗೆಲುವು ಅಂದುಕೊಂಡವರಿಗೆ ಎರಡು ಬಾಳೆಹಣ್ಣಿನ ಸಿಪ್ಪೆಗಳ ಕಥೆ ಹೇಳಬೇಕು. ಎರಡೂ ಅಮೆರಿಕದ ಮ್ಯಾಸಚೂಸೆಟ್ಸ್‌ನ ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ನಡೆದದ್ದು. 1901ರ ಪ್ರಕರಣದಲ್ಲಿ ಬಿದ್ದವರು ಸೋತರು. ಸಿಪ್ಪೆಯನ್ನು ಯಾರೋ ಪ್ರಯಾಣಿಕರು ಒಂದು ನಿಮಿಷದ ಹಿಂದೆ ಎಸೆದಿರಬಹುದಲ್ಲ ಎಂದಿತು ಕೋರ್ಟ್. 1911ರ ಪ್ರಕರಣದಲ್ಲಿ ಬಿದ್ದವರು ಗೆದ್ದರು, ಯಾಕಂದರೆ ಆ ಸಿಪ್ಪೆ ಒಣಗಿ, ಕಪ್ಪಾಗಿ, ಮಣ್ಣು ಮೆತ್ತಿ, ತುಳಿದು ತುಳಿದು ಚಪ್ಪಟೆಯಾಗಿತ್ತು. ಬಹಳ ಹೊತ್ತು ಅಲ್ಲೇ ಬಿದ್ದಿತ್ತು ಅನ್ನಲು ಅದಕ್ಕಿಂತ ಸಾಕ್ಷಿ ಬೇಕೇ? ಎರಡೂ ಕಡೆ ನೋವು ನಿಜವೇ, ಕೇಸು ನಿಂತದ್ದು ಮಾತ್ರ ಸಿಪ್ಪೆಯ ಬಣ್ಣದ ಮೇಲೆ.

ಎಲ್ಲ ಕಡೆ 1976ರ ಇಂಗ್ಲೆಂಡಿನ ತೀರ್ಪು ನಡೆಯುವುದಿಲ್ಲ. ಎಷ್ಟೋ ಕಡೆ ಸಾಬೀತು ಮಾಡುವ ಹೊರೆ ಬಿದ್ದವರ ಮೇಲೇ. ಅದರ ಮೇಲೆ ನಿಮ್ಮದೇ ತಪ್ಪನ್ನೂ ಹುಡುಕುತ್ತಾರೆ, ಮೊಬೈಲ್ ನೋಡುತ್ತಿದ್ರಾ, ‘ನೆಲ ಒದ್ದೆ ಇದೆ’ ಅನ್ನುವ ಬೋರ್ಡ್ ಕಾಣಲಿಲ್ವಾ ಅಂತ. ನಿಮ್ಮ ತಪ್ಪು ಎಷ್ಟೋ ಅಷ್ಟು ಪರಿಹಾರ ಕಡಿತವಾಗುತ್ತದೆ. ಅಮೆರಿಕದ ಅಲಬಾಮಾ, ಮೇರಿಲ್ಯಾಂಡ್‌ನಂಥ ಕೆಲವು ರಾಜ್ಯಗಳಲ್ಲಂತೂ ನಿಮ್ಮದು ಸ್ವಲ್ಪ ತಪ್ಪಿದ್ದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಕಾಲು ಉಳುಕಿ ಒಂದು ವಾರದಲ್ಲಿ ವಾಸಿಯಾಗುವ ಪೆಟ್ಟಿಗೆ ಸುಮ್ನೆ ಇಷ್ಟೆಲ್ಲ ಯಾಕೆ? ಬಿಲ್ಲುಗಳನ್ನು ಜೋಡಿಸಿ ಅಂಗಡಿಯವರಿಗೆ ನೇರವಾಗಿ ಒಂದು ಪತ್ರ ಬರೆಯಿರಿ, ಚಿಕಿತ್ಸೆಯ ಖರ್ಚು ಕೇಳಿ, ಬಿದ್ದದ್ದು ಮೆಟ್ಟಿಲಲ್ಲಾದರೆ ಅದಕ್ಕೆ ಹಿಡಿಕೆ ಹಾಕಿಸಿ ಅಂತಲೂ ಕೇಳಿ. ಒಪ್ಪದಿದ್ದರೆ ಮಧ್ಯಸ್ಥಿಕೆ ಇದೆ. ಕೇಸನ್ನು ದೊಡ್ಡ ಗಾಯಕ್ಕೆ ಇಟ್ಟುಕೊಳ್ಳಿ. ಆಗಲೂ ಗಡುವಿನ ಮೇಲೆ ಕಣ್ಣಿರಲಿ: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2. ಇನ್ನು ಗಾಯ ಪೂರ್ತಿ ವಾಸಿಯಾಗುವ ಮೊದಲೇ ವಿಮೆಯವರು ರಾಜಿ ಪತ್ರ ಹಿಡಿದು ಬಂದರೆ ಸಹಿ ಹಾಕಬೇಡಿ. ಒಮ್ಮೆ ಹಾಕಿದರೆ, ಆಮೇಲೆ ಆಪರೇಷನ್ ಬೇಕು ಅಂತ ಡಾಕ್ಟರ್ ಹೇಳಿದರೂ ಸಾಮಾನ್ಯವಾಗಿ ಮತ್ತೆ ಕೇಳಲು ಬರುವುದಿಲ್ಲ.